ಸ್ಟೇಜಿಗೆ ಒಂದು ಸ್ಪೇರ್ ಗಿಟಾರ್: 25 ಸಾವಿರದೊಳಗೆ ಯಾವುದು ತಗೋಬೇಕು?

ಪ್ರಶ್ನೆ: ನಾನು ಶಿವಮೊಗ್ಗ ಕಡೆಯವನು. ಊರಿನ ಆರ್ಕೆಸ್ಟ್ರಾ ಒಂದರಲ್ಲಿ ಲೀಡ್ ಗಿಟಾರ್ ನುಡಿಸುತ್ತೇನೆ. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ ರಿಸೆಪ್ಷನ್, ಅಪರೂಪಕ್ಕೆ ಬೆಂಗಳೂರಿನ ಪಬ್ಬು. ನನ್ನ ಹತ್ತಿರ ಇರುವುದು ಮೆಕ್ಸಿಕೋದಲ್ಲಿ ತಯಾರಾದ ಫೆಂಡರ್ ಪ್ಲೇಯರ್ ಸ್ಟ್ರಾಟ್ (ಸ್ಟ್ರಾಟೊಕಾಸ್ಟರ್ ಎಲೆಕ್ಟ್ರಿಕ್ ಗಿಟಾರ್) ಒಂದೇ. ಆಂಪ್ (ಗಿಟಾರಿನ ಸ್ಪೀಕರ್ ಪೆಟ್ಟಿಗೆ) ಒಯ್ಯುವುದಿಲ್ಲ, ಸೌಂಡು ಬದಲಾಯಿಸುವ ಪ್ರೊಸೆಸರ್‌ನಿಂದ ನೇರ ಮಿಕ್ಸರ್‌ಗೆ. ಕಳೆದ ಗಣೇಶನ ಸೀಸನ್ನಿನಲ್ಲಿ ಎರಡು ಸಲ ಹಾಡಿನ ಮಧ್ಯೆಯೇ ತಂತಿ ಕಟ್ ಆಯಿತು, ಉಳಿದ ತಂತಿಗಳೂ ಶ್ರುತಿ ತಪ್ಪಿ ಮರ್ಯಾದೆ ಹೋಯಿತು. 25 ಸಾವಿರದೊಳಗೆ ಒಂದು ಸ್ಪೇರ್ ಬೇಕು. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಥರದ್ದು ತಗೊಂಡರೆ ಬೇರೆ ಸೌಂಡೂ ಸಿಗುತ್ತದಲ್ಲ ಎಂಬ ಆಸೆ. ಗೆಳೆಯನೊಬ್ಬ ಫ್ಲಾಯ್ಡ್ ರೋಸ್ (ತಂತಿಗಳ ಎರಡೂ ತುದಿ ಲಾಕ್ ಆಗುವ, ಬಾರ್ ಒತ್ತಿ ಅಲುಗಾಡಿಸುವ ವ್ಯವಸ್ಥೆ) ಇರುವ ಹಳೆಯ ಗಿಟಾರನ್ನು 15 ಸಾವಿರಕ್ಕೆ ಕೊಡುತ್ತೇನೆ ಅನ್ನುತ್ತಿದ್ದಾನೆ. ಯಾವುದು ತಗೊಳ್ಳಲಿ? ಕಡಿಮೆ ಬೆಲೆಯದ್ದು ತಗೊಂಡು ಒಳ್ಳೆಯ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಹಾಕಿಸಿದರೆ ಹೇಗೆ?

ಉತ್ತರ: ಗೆಳೆಯನ ಗಿಟಾರಿನಿಂದಲೇ ಶುರು ಮಾಡೋಣ, ಅದು ಬೇಗ ಮುಗಿಯುತ್ತದೆ. ಬೇಡ. ಫ್ಲಾಯ್ಡ್ ರೋಸ್ ಕೆಟ್ಟ ಸಾಮಾನೇನಲ್ಲ, 1970ರ ದಶಕದ ಕೊನೆಯಲ್ಲಿ ಬಂದಾಗಿನಿಂದ ಎಷ್ಟೋ ದೊಡ್ಡ ಗಿಟಾರ್ ವಾದಕರು ಅದನ್ನೇ ನಂಬಿಕೊಂಡಿದ್ದಾರೆ. ಆದರೆ ಒಂದು ತಂತಿ ಕಟ್ ಆದರೆ ಉಳಿದ ಐದೂ ಒಟ್ಟಿಗೆ ಶ್ರುತಿ ಬಿಡುತ್ತವೆ. ತಂತಿ ಬದಲಾಯಿಸಬೇಕಾದರೆ ಆಲೆನ್ ಕೀ ಹುಡುಕಬೇಕು, ತಂತಿಯ ತುದಿಯ ಗುಂಡು ಕತ್ತರಿಸಬೇಕು, ಎರಡು ಕಡೆ ಲಾಕ್ ಬಿಚ್ಚಿ ಮತ್ತೆ ಬಿಗಿಯಬೇಕು. ಮೇಲಾಗಿ ಕಡಿಮೆ ಬೆಲೆಯ ಗಿಟಾರುಗಳಲ್ಲಿ ಬರುವುದು ಲೈಸೆನ್ಸ್ ಪಡೆದು ಮಾಡಿದ ಅಗ್ಗದ ನಮೂನೆ. ಅದರ ಚಾಕುವಿನಂಥ ಅಂಚು ಕೆಲವು ವರ್ಷಕ್ಕೆ ಸವೆದು, ಬಾರ್ ಒತ್ತಿ ಬಿಟ್ಟರೆ ಸರಿಯಾಗಿ ವಾಪಸ್ ಬರುವುದೇ ಇಲ್ಲ. ಇಂಥದ್ದನ್ನು ಮನೆಯಲ್ಲಿ ಇಟ್ಟುಕೊಂಡು ಆಡಬಹುದು. ಕಷ್ಟಕಾಲಕ್ಕೆ ಅಂತ ಸ್ಟೇಜಿಗೆ ಒಯ್ಯುವುದು ಬೇಡ.

ಈಗ ಹೊಸ ಗಿಟಾರಿಗೆ ದುಡ್ಡು ಹಾಕುವ ಮುಂಚೆ ಇರುವ ಗಿಟಾರಿನ ವಿಚಾರ. ಒಂದೇ ಸೀಸನ್ನಿನಲ್ಲಿ ಎರಡು ಸಲ ತಂತಿ ಕಟ್ ಆಗಿದೆ ಅಂದರೆ ಸುಮ್ನೆ ಗ್ರಹಚಾರ ಅನ್ನಬೇಡಿ, ಬಹುಶಃ ಒಂದು ಕಾರಣ ಇರುತ್ತದೆ. ಎಲ್ಲಿ ಕಟ್ ಆಯಿತು ಅಂತ ನೆನಪಿದೆಯಾ? ಬಾಡಿಯ ಮೇಲೆ ತಂತಿ ಕಟ್ಟಿರುವ ಬ್ರಿಡ್ಜ್ ಹತ್ತಿರ, ತಂತಿ ಸ್ಯಾಡಲ್ ಎಂಬ ಪುಟ್ಟ ಆಸರೆಯ ಮೇಲೆ ಕೂರುವ ಜಾಗದಲ್ಲಿ ಕಟ್ ಆಗಿದ್ದರೆ ಅಲ್ಲಿ ಸಣ್ಣ ಚೂಪು ಎದ್ದಿರುತ್ತದೆ. ನಿಮ್ಮ ಗಿಟಾರಿನ ಸ್ಯಾಡಲ್‌ಗಳು ಬಗ್ಗಿಸಿದ ಸ್ಟೀಲ್ ಹಾಳೆಯವು, ತಂತಿ ಉಜ್ಜಿ ಉಜ್ಜಿ ಅಂಚು ಚೂಪಾಗುವುದು ಮಾಮೂಲು. ಹಳೆಯ ದಪ್ಪ ತಂತಿಯ ಒಂದು ತುಂಡನ್ನು ಆ ಜಾಗದಲ್ಲಿ ಹಿಂದೆ ಮುಂದೆ ಎಳೆಯಿರಿ, ಇಲ್ಲವೇ 600 ನಂಬರಿನ ಸ್ಯಾಂಡ್‌ಪೇಪರ್ ಮಡಿಸಿ ನಯವಾಗಿ ಉಜ್ಜಿ. ಒಂದು ಹನಿ ಮಷಿನ್ ಎಣ್ಣೆ ಮುಟ್ಟಿಸಿ. ಅಷ್ಟೇ. ತಲೆಯ ಮೇಲಿನ ಟ್ಯೂನರ್ (ತಂತಿ ಬಿಗಿಯುವ ಕೀಲಿ) ಹತ್ತಿರ ಕಟ್ ಆಗಿದ್ದರೆ ಅಲ್ಲಿನ ರಂಧ್ರದ ಅಂಚು ನೋಡಿ. ಮಧ್ಯದಲ್ಲಿ, ಫ್ರೆಟ್ (ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿ) ಮೇಲೆ ಕಟ್ ಆಗಿದ್ದರೆ ತಂತಿಯೇ ಹಳೆಯದು, ಇಲ್ಲವೇ ನಕಲಿ. ನಕಲಿ ತಂತಿ ನಮ್ಮ ಕಡೆ ಜಾಸ್ತಿಯೇ ಓಡಾಡುತ್ತದೆ. ಡಿಆಡಾರಿಯೋ ಕಂಪನಿಯವರು ಇದೇ ಕಾಟಕ್ಕೆ ಪ್ಯಾಕಿನ ಒಳಗೆ ಒಂದು ಕೋಡ್ ಹಾಕಿರುತ್ತಾರೆ, ಅದನ್ನು ಅವರ ಸೈಟಿನಲ್ಲಿ ಹಾಕಿ ಅಸಲಿಯೋ ಅಲ್ಲವೋ ನೋಡಬಹುದು. ಸೀಸನ್ನಿನಲ್ಲಿ ದಿನ ಬಿಟ್ಟು ದಿನ ಪ್ರೋಗ್ರಾಂ ಇದ್ದು, ಕೈ ಬೆವರುವವರಾದರೆ ವಾರಕ್ಕೊಂದು ಸೆಟ್ ಹಾಕಿದರೂ ತಪ್ಪಿಲ್ಲ.

ಇಷ್ಟು ಮಾಡಿದರೂ ಸ್ಪೇರ್ ಬೇಕು, ಅದರಲ್ಲಿ ಅನುಮಾನ ಬೇಡ. ತಂತಿ ಒಂದೇ ಅಲ್ಲ, ಜ್ಯಾಕ್ ಸಡಿಲವಾಗಬಹುದು, ಪಿಕಪ್ ಬದಲಾಯಿಸುವ ಸ್ವಿಚ್ಚು ಕೈ ಕೊಡಬಹುದು, ಸ್ಟ್ಯಾಂಡಿನಿಂದ ಬಿದ್ದು ಟ್ಯೂನರ್ ಬಗ್ಗಬಹುದು.

ಆದರೆ ಇನ್ನೊಂದು ಮಾತು, ಇದನ್ನು ಹೇಳದೆ ಮುಂದೆ ಹೋಗಲಾರೆ. ಸ್ಟೇಜಿನಲ್ಲಿ ಗಿಟಾರ್ ಸದ್ದು ನಿಂತುಹೋಯಿತು ಅಂದರೆ ಹೆಚ್ಚಿನ ಸಲ ತಪ್ಪು ಗಿಟಾರಿನದ್ದಾಗಿರುವುದಿಲ್ಲ. ಕೇಬಲ್ಲು, ಇಲ್ಲವೇ ಪ್ರೊಸೆಸರಿನ ಅಡಾಪ್ಟರು. ನೀವು ಆಂಪ್ ಒಯ್ಯುವುದಿಲ್ಲ, ಎಲ್ಲಾ ಪ್ರೊಸೆಸರ್ ಮೇಲೆ ನಿಂತಿದೆ. ಅಡಾಪ್ಟರ್ ಸುಟ್ಟರೆ ಎರಡು ಗಿಟಾರ್ ಇಟ್ಟುಕೊಂಡು ಏನು ಮಾಡುತ್ತೀರಿ? ಹಾಗಾಗಿ 25 ಸಾವಿರದಲ್ಲಿ ಮೊದಲು ಎರಡು ಒಳ್ಳೆಯ ಕೇಬಲ್ ಮತ್ತು ಒಂದು ಸ್ಪೇರ್ ಅಡಾಪ್ಟರಿಗೆ ದುಡ್ಡು ತೆಗೆದಿಡಿ. ಅಡಾಪ್ಟರ್ ತಗೊಳ್ಳುವಾಗ ವೋಲ್ಟೇಜ್, ಕರೆಂಟ್, ಮತ್ತೆ ಪಿನ್ನಿನ ಒಳಭಾಗ ನೆಗೆಟಿವ್ವಾ ಪಾಸಿಟಿವ್ವಾ ಅನ್ನುವುದು, ಈ ಮೂರೂ ಹಳೆಯದರಂತೆಯೇ ಇರಬೇಕು. ಬಹುಪಾಲು ಗಿಟಾರ್ ಪೆಡಲ್ಲು ಪ್ರೊಸೆಸರ್‌ಗಳಲ್ಲಿ ಒಳಗಡೆ ನೆಗೆಟಿವ್. ಮೊಬೈಲ್ ಅಂಗಡಿಯಲ್ಲಿ ಸಿಗುವ ಮಾಮೂಲಿ ಅಡಾಪ್ಟರ್ ಸಾಮಾನ್ಯವಾಗಿ ಅದಕ್ಕೆ ಉಲ್ಟಾ ಇರುತ್ತದೆ. ನೋಡದೆ ಚುಚ್ಚಬೇಡಿ.

ಈಗ ಲೆಸ್ ಪಾಲ್ ಆಸೆ.

ನಿಮ್ಮ ಆಸೆ ಅರ್ಥವಾಗುತ್ತದೆ. ಆದರೆ ಎರಡು ಬೇರೆ ಬೇರೆ ಬೇಡಿಕೆಗಳನ್ನು ಒಂದೇ ಗಿಟಾರಿನಲ್ಲಿ ತೀರಿಸಿಕೊಳ್ಳಲು ನೋಡುತ್ತಿದ್ದೀರಿ. ಬೇರೆ ಸೌಂಡಿಗಾಗಿ ಒಂದು ಗಿಟಾರ್ ಬೇಕು ಅನ್ನುವುದು ಒಂದು. ಮೊದಲನೆಯದು ಕೈ ಕೊಟ್ಟಾಗ ಅರ್ಧ ನಿಮಿಷದಲ್ಲಿ ಹೆಗಲಿಗೇರಿಸಿ ಅದೇ ಹಾಡು ಮುಂದುವರಿಸಬೇಕು ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಬೇಕಾದ ಗಿಟಾರ್ ನಿಮ್ಮ ಸ್ಟ್ರಾಟ್‌ಗೆ ಎಷ್ಟು ಹತ್ತಿರ ಇರುತ್ತದೋ ಅಷ್ಟು ಒಳ್ಳೆಯದು. ಗಿಟಾರ್ ಬದಲಾದದ್ದು ನಿಮ್ಮ ಕೈಗೂ ಗೊತ್ತಾಗಬಾರದು, ಮಿಕ್ಸರ್ ಹಿಂದೆ ಕೂತ ಸೌಂಡ್‌ನವರಿಗೂ ಗೊತ್ತಾಗಬಾರದು.

ಕೈಗೆ ಯಾಕೆ ಗೊತ್ತಾಗುತ್ತದೆ ಅಂದರೆ, ಸ್ಟ್ರಾಟಿನಲ್ಲಿ ನಟ್‌ನಿಂದ (ತಲೆಯ ಹತ್ತಿರ ತಂತಿ ಕೂರುವ ಗೀರುಪಟ್ಟಿ) ಬ್ರಿಡ್ಜ್‌ವರೆಗಿನ ತಂತಿಯ ಉದ್ದ 25.5 ಇಂಚು, ಅಂದರೆ ಸುಮಾರು 648 ಮಿಲಿಮೀಟರ್. ಲೆಸ್ ಪಾಲ್ ಜಾತಿಯದ್ದರಲ್ಲಿ 24.75 ಇಂಚು, ಸುಮಾರು 629. ಎರಡು ಸೆಂಟಿಮೀಟರ್ ವ್ಯತ್ಯಾಸ, ಏನು ಮಹಾ ಅನಿಸಬಹುದು. ಅದೇ ದಪ್ಪದ ತಂತಿ ಹಾಕಿದರೆ ಉದ್ದ ಕಡಿಮೆ ಇರುವ ಗಿಟಾರಿನಲ್ಲಿ ಬಿಗಿ ಕಡಿಮೆ. ಸ್ಟ್ರಾಟ್ ಮೇಲೆ ಪಳಗಿದ ಬೆರಳು ಅದೇ ಜೋರಿನಲ್ಲಿ ಬೆಂಡ್ (ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರ ಏರಿಸುವುದು) ಎಳೆದರೆ ಸ್ವರ ಮೇಲೆ ಹಾರುತ್ತದೆ. ಫ್ರೆಟ್ ಬೋರ್ಡಿನ ಉಬ್ಬೂ ಬೇರೆ, ಫೆಂಡರ್ ಪ್ಲೇಯರ್‌ನದು 9.5 ಇಂಚು ರೇಡಿಯಸ್, ಲೆಸ್ ಪಾಲ್‌ಗಳದು ಸಾಮಾನ್ಯವಾಗಿ 12, ಅಂದರೆ ಇನ್ನೂ ಸಪಾಟು. ಮನೆಯಲ್ಲಿ ಹತ್ತು ನಿಮಿಷ ನುಡಿಸಿದರೆ ಕೈ ಹೊಂದಿಕೊಳ್ಳುತ್ತದೆ. ಸ್ಟೇಜಿನಲ್ಲಿ ಆ ಹತ್ತು ನಿಮಿಷ ಯಾರು ಕೊಡುತ್ತಾರೆ?

ಸೌಂಡ್‌ನವರಿಗೆ ಯಾಕೆ ಗೊತ್ತಾಗುತ್ತದೆ ಅಂದರೆ, ಲೆಸ್ ಪಾಲ್‌ನ ಹಂಬಕರ್ (ಎರಡು ಸುರುಳಿಯ) ಪಿಕಪ್ಪಿನ ಸಿಗ್ನಲ್ ಸ್ಟ್ರಾಟಿನ ಒಂದೇ ಸುರುಳಿಯ ಸಿಂಗಲ್ ಕಾಯಿಲ್‌ಗಿಂತ ಜೋರು. ನಿಮ್ಮ ಪ್ರೊಸೆಸರಿನಲ್ಲಿ ಸ್ಟ್ರಾಟಿಗೆ ಅಂತ ಸರಿಮಾಡಿಟ್ಟ ಕ್ಲೀನ್ ಸೌಂಡು ಅದರಲ್ಲಿ ಒಡೆಯಲು ಶುರುವಾಗುತ್ತದೆ, ಮಿಕ್ಸರಿನಲ್ಲಿ ಕೆಂಪು ದೀಪ ಹತ್ತುತ್ತದೆ, ಅವರು ಗಾಬರಿಯಿಂದ ನಿಮ್ಮ ಚಾನೆಲ್ಲನ್ನೇ ಕೆಳಗೆ ಎಳೆಯುತ್ತಾರೆ. ಆಮೇಲೆ ಪೂರ್ತಿ ಪ್ರೋಗ್ರಾಂ ನಿಮ್ಮ ಗಿಟಾರ್ ಯಾರಿಗೂ ಕೇಳಿಸುವುದಿಲ್ಲ.

ಇಷ್ಟೆಲ್ಲ ಹೇಳಿ ಈಗ ಸ್ವಲ್ಪ ಉಲ್ಟಾ ಹೊಡೆಯುತ್ತೇನೆ. ಒಂದು ಹಂಬಕರ್ ಇದ್ದರೆ ಒಳ್ಳೆಯದು. ಬ್ರಿಡ್ಜ್ ಹತ್ತಿರ ಒಂದೇ ಒಂದು. ಕಾರಣ ನಮ್ಮ ಸ್ಟೇಜುಗಳ ಕರೆಂಟು.

ಸಿಂಗಲ್ ಕಾಯಿಲ್ ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ತಾಮ್ರದ ತೆಳು ತಂತಿಯ ಸಾವಿರಾರು ಸುತ್ತು. ಗಿಟಾರ್ ತಂತಿಯ ಕಂಪನವನ್ನು ಹಿಡಿಯುವ ಅದೇ ಸುರುಳಿ ಸುತ್ತಮುತ್ತ ಹರಿಯುವ ಕರೆಂಟಿನ ಗುಂಯ್ ಸದ್ದನ್ನೂ ಹಿಡಿಯುತ್ತದೆ. ನಮ್ಮಲ್ಲಿ 50 ಹರ್ಟ್ಸ್ ಕರೆಂಟು, ಅದರ ಮೂಲ ಸದ್ದು ದಪ್ಪಗೆ ಕೆಳಗೆ ಕೇಳುತ್ತದೆ. ಅದಕ್ಕೆ ಲೈಟಿಂಗ್‌ನವರ ಡಿಮ್ಮರ್, ಸೀರಿಯಲ್ ಸೆಟ್ಟು, ಎಲ್‌ಇಡಿ ಪಾರ್ ಲೈಟಿನ ಪವರ್ ಸಪ್ಲೈ, ಪೆಂಡಾಲಿನ ಹಿಂದೆ ಗಡಗಡ ಅನ್ನುವ ಜನರೇಟರ್, ಎಲ್ಲಾ ಸೇರಿದರೆ ಜೇನುಗೂಡಿಗೆ ಕೈ ಹಾಕಿದ ಹಾಗೆ. ಕ್ಲೀನ್ ಸೌಂಡಿನಲ್ಲಿ ಹೇಗೋ ನಡೆಯುತ್ತದೆ. ಡಿಸ್ಟಾರ್ಷನ್ ಒತ್ತಿದ ಕೂಡಲೇ ಗಾಯಕರೂ ತಿರುಗಿ ನೋಡುತ್ತಾರೆ. ಪ್ರೊಸೆಸರಿನ ನಾಯ್ಸ್ ಗೇಟ್ (ಸಣ್ಣ ಸದ್ದನ್ನು ತಡೆಯುವ ಸೌಲಭ್ಯ) ಹಾಕಿ ಮುಚ್ಚಬಹುದು, ಆದರೆ ಗೇಟ್ ಬಿಗಿಯಾದರೆ ಉದ್ದ ಎಳೆದ ಸ್ವರ ಕೊನೆಯಲ್ಲಿ ಕತ್ತರಿಸಿದಂತೆ ನಿಂತುಬಿಡುತ್ತದೆ.

ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಹಂಬಕರ್ ರೂಪಿಸಿದ್ದು ಇದೇ ತೊಂದರೆಗೆ. ಎರಡು ಸುರುಳಿ, ಒಂದನ್ನು ಉಲ್ಟಾ ಜೋಡಿಸಿ, ಅಯಸ್ಕಾಂತದ ಧ್ರುವವನ್ನೂ ಉಲ್ಟಾ ಮಾಡಿದರು. ಹೊರಗಿನ ಗುಂಯ್ ಸದ್ದು ಒಂದನ್ನೊಂದು ಹೊಡೆದುಹಾಕುತ್ತದೆ, ತಂತಿಯ ಸದ್ದು ಕೂಡಿಕೊಳ್ಳುತ್ತದೆ. ನಿಮ್ಮ ಸ್ಟ್ರಾಟಿನಲ್ಲೂ ಇದರ ಅಂಶ ಇದೆ, ಸ್ವಿಚ್ಚನ್ನು 2 ಅಥವಾ 4ನೇ ಜಾಗಕ್ಕೆ ಇಟ್ಟು ನೋಡಿ, ಗುಂಯ್ ಸದ್ದು ತಟ್ಟನೆ ಇಳಿಯುತ್ತದೆ. ಮಧ್ಯದ ಪಿಕಪ್ಪನ್ನು ಉಲ್ಟಾ ಸುತ್ತಿರುವುದರಿಂದ ಅದು ಪಕ್ಕದ್ದರ ಜೊತೆ ಸೇರಿ ಹಂಬಕರ್ ಥರ ಕೆಲಸ ಮಾಡುತ್ತದೆ. ಜನರೇಟರ್ ಪ್ರೋಗ್ರಾಮುಗಳಲ್ಲಿ ಇದನ್ನು ನೆನಪಿಟ್ಟುಕೊಳ್ಳಿ.

ಆದ್ದರಿಂದ ನಿಮಗೆ ಬೇಕಾದ್ದು ಎಚ್‌ಎಸ್‌ಎಸ್ ಜೋಡಣೆ. ಬ್ರಿಡ್ಜ್‌ನಲ್ಲಿ ಹಂಬಕರ್, ಮಧ್ಯ ಮತ್ತು ನೆಕ್‌ನಲ್ಲಿ ಸಿಂಗಲ್ ಕಾಯಿಲ್. ಉದ್ದ, ಆಕಾರ, ತೂಕ ಸ್ಟ್ರಾಟಿನದ್ದೇ. ಡಿಸ್ಟಾರ್ಷನ್ ಹಾಡಿಗೆ ಬ್ರಿಡ್ಜ್ ಪಿಕಪ್, ಉಳಿದದ್ದಕ್ಕೆ ನಿಮ್ಮ ಮಾಮೂಲಿ ಜಾಗಗಳು. ಹಂಬಕರ್ ಜೋರಾಗಿದೆ ಅನಿಸಿದರೆ ಎರಡು ಪಕ್ಕದ ಸ್ಕ್ರೂ ತಿರುಗಿಸಿ ಅದನ್ನು ತಂತಿಯಿಂದ ಸ್ವಲ್ಪ ಕೆಳಗಿಳಿಸಿ, ಸಿಗ್ನಲ್ ಇಳಿಯುತ್ತದೆ. ದುಡ್ಡು ಖರ್ಚಿಲ್ಲ.

ಇನ್ನು ಬ್ರಿಡ್ಜ್. ತಂತಿ ಕಟ್ ಆದ ಮೇಲೆ ಉಳಿದವೂ ಶ್ರುತಿ ತಪ್ಪಿದವು ಅಂದಿರಲ್ಲ, ಅದಕ್ಕೆ ಕಾರಣ ನಿಮ್ಮ ಸ್ಟ್ರಾಟಿನ ಟ್ರೆಮೊಲೊ (ಬಾರ್ ಒತ್ತಿ ಅಲುಗಾಡಿಸುವ ಬ್ರಿಡ್ಜ್) ಎರಡು ಮೊಳೆಯ ಮೇಲೆ ತೇಲುತ್ತಿರುವುದು. ಮುಂದೆ ಆರು ತಂತಿ ಎಳೆಯುತ್ತಿವೆ, ಹಿಂದೆ ಸ್ಪ್ರಿಂಗ್‌ಗಳು ಎಳೆಯುತ್ತಿವೆ. ಒಂದು ತಂತಿ ಹೋದರೆ ಸ್ಪ್ರಿಂಗಿನ ಕೈ ಮೇಲಾಗಿ ಬ್ರಿಡ್ಜ್ ಹಿಂದಕ್ಕೆ ವಾಲುತ್ತದೆ, ಉಳಿದ ಐದರ ಸ್ವರ ಏರುತ್ತದೆ. ಬ್ರಿಡ್ಜ್ ಅಲುಗಾಡದ ಗಿಟಾರಾದರೆ, ನಮ್ಮ ಹುಡುಗರು ಹಾರ್ಡ್‌ಟೇಲ್ ಅನ್ನುತ್ತಾರಲ್ಲ ಅದು, ಐದು ತಂತಿಯಲ್ಲೇ ಹಾಡು ಮುಗಿಸಬಹುದು. ಕೇಳುಗರಿಗೆ ಗೊತ್ತೂ ಆಗುವುದಿಲ್ಲ. ಸ್ಪೇರ್ ಗಿಟಾರಿಗೆ ಹಾರ್ಡ್‌ಟೇಲೇ ಮೇಲು. ಆದರೆ ಈ ಬೆಲೆಯಲ್ಲಿ ಹಾರ್ಡ್‌ಟೇಲ್ ಜೊತೆ ಎಚ್‌ಎಸ್‌ಎಸ್ ಹುಡುಕಿದರೆ ಆಯ್ಕೆ ಬಹಳ ಕಡಿಮೆ. ಚಿಂತೆ ಬೇಡ, ಟ್ರೆಮೊಲೊ ಇರುವುದನ್ನೇ ತಗೊಂಡು ಅದನ್ನು ಕಟ್ಟಿಹಾಕಬಹುದು. ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಒಳಗೆ ಲೋಹದ ದಪ್ಪ ತುಂಡು ಕಾಣುತ್ತದೆ. ಅದರ ಎರಡೂ ಪಕ್ಕದ ಖಾಲಿ ಜಾಗಕ್ಕೆ ಸರಿಯಾಗಿ ಕೂರುವಂತೆ ಗಟ್ಟಿ ಮರದ ಚೂರು ಕತ್ತರಿಸಿ ಸಿಕ್ಕಿಸಬೇಕು. ನಿಮ್ಮ ಬೀದಿಯ ಬಡಗಿ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ, ಅಳತೆ ಮಾತ್ರ ನೀವೇ ಕೊಡಿ. ಅಂಟು ಹಾಕುವುದು ಬೇಡ. ಮುಂದೆ ಯಾವಾಗಲಾದರೂ ಮಾರುವಾಗ ತೆಗೆದರಾಯಿತು.

ಸರಿ, ಹೆಸರು ಹೇಳಿ ಅಂತೀರಿ.

ನನ್ನ ಮೊದಲ ಆಯ್ಕೆ ಯಮಹಾ ಪ್ಯಾಸಿಫಿಕಾ. 1990ರಿಂದ ಬರುತ್ತಿರುವ ಸರಣಿ. ಅಂಗಡಿಯ ಒಂದೇ ಮಾಡೆಲ್ಲಿನ ಐದು ಗಿಟಾರ್ ತೆಗೆದು ನೋಡಿದರೆ ಐದೂ ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ, ಅಗ್ಗದ ಗಿಟಾರುಗಳಲ್ಲಿ ಇದು ದೊಡ್ಡ ಗುಣ. ಹೊಸದು ಬೇಕಾದರೆ 012, ಸೆಕೆಂಡ್ ಹ್ಯಾಂಡ್ ನಡೆಯುತ್ತದೆ ಅನ್ನುವುದಾದರೆ 112. ಎರಡೂ ಎಚ್‌ಎಸ್‌ಎಸ್, ಎರಡೂ 25.5 ಇಂಚು, ಎರಡರಲ್ಲೂ 22 ಫ್ರೆಟ್. 112ರ ಮರ ಆಲ್ಡರ್, ನಿಮ್ಮ ಸ್ಟ್ರಾಟಿನದ್ದೇ ಜಾತಿ. 112ವಿ ಸಿಕ್ಕರೆ ಇನ್ನೂ ಒಳ್ಳೆಯದು, ಟೋನ್ ಗುಬುಟನ್ನು ಮೇಲಕ್ಕೆ ಎಳೆದರೆ ಹಂಬಕರ್ ಅರ್ಧ ಆಫ್ ಆಗಿ ಸಿಂಗಲ್ ಕಾಯಿಲ್ ಥರ ಕೇಳುತ್ತದೆ. 012ರಲ್ಲಿ ಆ ಸೌಲಭ್ಯ ಇಲ್ಲ. ಪ್ಯಾಸಿಫಿಕಾದ ನೆಕ್ ನಿಮ್ಮ ಫೆಂಡರ್‌ಗಿಂತ ಸ್ವಲ್ಪ ಸಪಾಟು, ಒಂದು ಮಿಲಿಮೀಟರ್‌ನಷ್ಟು ಕಿರಿದು. ನುಡಿಸಿ ನೋಡಿ, ಹೆಚ್ಚಿನವರಿಗೆ ಇದು ತೊಂದರೆ ಕೊಡುವುದಿಲ್ಲ.

ಎರಡನೆಯದು ಸ್ಕ್ವಯರ್. ಫೆಂಡರ್‌ನದ್ದೇ ಕಡಿಮೆ ಬೆಲೆಯ ಹೆಸರು. ಸೋನಿಕ್ ಅಥವಾ ಅಫಿನಿಟಿ ಸರಣಿಯ ಎಚ್‌ಎಸ್‌ಎಸ್ ಸ್ಟ್ರಾಟ್ ನೋಡಿ. ಕೈಗೆ ಹತ್ತಿರದ್ದು ಇದೇ, 9.5 ಇಂಚಿನ ರೇಡಿಯಸ್, ನಟ್ ಅಗಲ 42 ಮಿಲಿಮೀಟರ್, ನಿಮ್ಮದರಂತೆಯೇ. ಆದರೆ ಇವುಗಳಲ್ಲಿ 21 ಫ್ರೆಟ್, ನಿಮ್ಮ ಪ್ಲೇಯರ್‌ನಲ್ಲಿ 22. ನಿಮ್ಮ ಸೋಲೋಗಳಲ್ಲಿ ಕೊನೆಯ ಫ್ರೆಟ್ ಎಷ್ಟು ಸಲ ಬರುತ್ತದೆ ಯೋಚಿಸಿ. ಅಭ್ಯಾಸ ಇಲ್ಲದೆ ಕೈ ಅಲ್ಲಿಗೆ ಹೋದರೆ ಅಲ್ಲಿ ಫ್ರೆಟ್ಟೇ ಇರುವುದಿಲ್ಲ! ಹಳೆಯ ಬುಲೆಟ್ ಸರಣಿಯಲ್ಲಿ ಎಚ್‌ಎಸ್‌ಎಸ್ ಜೊತೆ ಹಾರ್ಡ್‌ಟೇಲ್ ಇರುವ ಒಂದು ಮಾಡೆಲ್ ಬರುತ್ತಿತ್ತು, 2023ರಲ್ಲಿ ಸೋನಿಕ್ ಬಂದು ಬುಲೆಟ್ ಹೋಯಿತು. ಸೆಕೆಂಡ್ ಹ್ಯಾಂಡ್‌ನಲ್ಲಿ ಅದು ಒಳ್ಳೆಯ ಸ್ಥಿತಿಯಲ್ಲಿ ಕಣ್ಣಿಗೆ ಬಿದ್ದರೆ ಬಿಡಬೇಡಿ, ಮರ ಹಗುರ, ಪಿಕಪ್ ಸಾಧಾರಣ, ಆದರೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ಟೆಲಿಕಾಸ್ಟರ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. 1950-51ರ ಹೊತ್ತಿಗೆ ಬಂದ ಗಿಟಾರು, ಇವತ್ತಿಗೂ ಮೂಲ ಅದೇ. ಅಲುಗಾಡದ ಬ್ರಿಡ್ಜ್, ಎರಡು ಪಿಕಪ್, ಎರಡು ಗುಬುಟು, ಕೆಡುವುದಕ್ಕೆ ಅದರಲ್ಲಿ ಏನೂ ಇಲ್ಲ. ನೀವು ಪಬ್ಬುಗಳಲ್ಲೇ ಜಾಸ್ತಿ ನುಡಿಸುವವರಾಗಿದ್ದರೆ ಕಣ್ಣು ಮುಚ್ಚಿ ಅಫಿನಿಟಿ ಟೆಲಿ ತಗೊಳ್ಳಿ ಅನ್ನುತ್ತಿದ್ದೆ. ಪೆಂಡಾಲಿನ ಕರೆಂಟಿಗೆ ಅದರ ಸಿಂಗಲ್ ಕಾಯಿಲ್ ಬ್ರಿಡ್ಜ್ ಪಿಕಪ್ ಬೇಡ.

ಐಬನೆಜ್ ಜಿಯೋ ಸರಣಿಯಲ್ಲಿ ಜಿಆರ್‌ಜಿ121ಡಿಎಕ್ಸ್ ಅಂತ ಒಂದಿದೆ, ಹಾರ್ಡ್‌ಟೇಲ್, ಎರಡು ಹಂಬಕರ್, 24 ಫ್ರೆಟ್, ತೆಳು ನೆಕ್. ಗುಂಯ್ ಸದ್ದೂ ಇಲ್ಲ, ಶ್ರುತಿಯೂ ನಿಲ್ಲುತ್ತದೆ. ನಿಮ್ಮ ಬ್ಯಾಂಡ್ ರಾಕ್ ಕಡೆ ವಾಲಿದ್ದರೆ ಇದು ಮೊದಲ ಸಾಲಿಗೆ ಬರುತ್ತದೆ. ಸಿನಿಮಾ ಹಾಡಿನ ಚಿಕ್ ಚಿಕ್ ರಿದಂ, ಆರ್ಪೆಜಿಯೋ ಎಲ್ಲ ಸ್ಟ್ರಾಟಿನ ತೆಳು ಸೌಂಡಿನಲ್ಲಿ ನುಡಿಸಿ ರೂಢಿಯಾದವರಿಗೆ ದಪ್ಪ ಅನಿಸುತ್ತದೆ. ಎಪಿಫೋನ್ ಲೆಸ್ ಪಾಲ್ ಸ್ಪೆಷಲ್-II ನಿಮ್ಮ ಬಜೆಟ್ಟಿಗೆ ಬರುವ ಲೆಸ್ ಪಾಲ್. ಕೆಟ್ಟದ್ದಲ್ಲ. ಬೇರೆ ಸೌಂಡಿಗೆ ಅಂತ ಮುಂದಿನ ವರ್ಷ ತಗೊಳ್ಳಿ.

ಜರ್ಮನಿಯಲ್ಲಿರುವ ಅಣ್ಣನೋ ಭಾವನೋ ಅಲ್ಲಿನ ಅಗ್ಗದ ಬ್ರ್ಯಾಂಡ್ ಹಾರ್ಲಿ ಬೆಂಟನ್ ಗಿಟಾರ್ ತಂದುಕೊಡುತ್ತಾರೆ ಅನ್ನುವವರು ಇರುತ್ತಾರೆ. ಅಲ್ಲಿನ ಬೆಲೆಗೆ ಅದು ನಿಜಕ್ಕೂ ಲಾಭ. ಇಲ್ಲಿಗೆ ಪಾರ್ಸೆಲ್ ತರಿಸಿದರೆ ಸಾಗಣೆ, ಕಸ್ಟಮ್ಸ್ ಎಲ್ಲಾ ಸೇರಿ ಲಾಭ ಕರಗುತ್ತದೆ, ಏನಾದರೂ ತೊಂದರೆ ಬಂದರೆ ವಾಪಸ್ ಕಳಿಸುವುದೂ ಕಷ್ಟ.

ಬ್ಯಾಟರಿ ಬೇಕಾಗುವ ಆಕ್ಟಿವ್ ಪಿಕಪ್ ಇರುವ ಯಾವುದೂ ಬೇಡ. ಕೇಬಲ್ ಚುಚ್ಚಿಟ್ಟಷ್ಟು ಹೊತ್ತೂ ಬ್ಯಾಟರಿ ಖಾಲಿಯಾಗುತ್ತಿರುತ್ತದೆ, ಬೇಕಾದಾಗ ಸತ್ತಿರುತ್ತದೆ.

ಸೆಕೆಂಡ್ ಹ್ಯಾಂಡ್ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಿಮ್ಮ ದುಡ್ಡಿಗೆ ಅತಿ ಒಳ್ಳೆಯ ಗಿಟಾರ್ ಸಿಗುವುದು ಅಲ್ಲೇ. ಬೆಂಗಳೂರಿನಲ್ಲಿ ಉತ್ಸಾಹದಿಂದ ಗಿಟಾರ್ ಕೊಂಡು ಆರು ತಿಂಗಳಿಗೆ ಮಂಚದ ಕೆಳಗೆ ತಳ್ಳಿದ ಐಟಿ ಹುಡುಗರು ಎಷ್ಟೋ ಜನ ಇದ್ದಾರೆ, ಅವರ ಗಿಟಾರುಗಳಲ್ಲಿ ಫ್ರೆಟ್ ಹೊಸದಾಗಿಯೇ ಇರುತ್ತದೆ. ಫೋಟೋ ನೋಡಿ ದುಡ್ಡು ಕಳಿಸಬೇಡಿ, ಹೋಗಿ ಕೈಯಲ್ಲಿ ಹಿಡಿಯಿರಿ. ಬಾಡಿ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ ಉದ್ದಕ್ಕೂ ನೋಡಿ, ತಿರುಚಿಕೊಂಡಿದ್ದರೆ ಎಷ್ಟೇ ಅಗ್ಗವಾದರೂ ವಾಪಸ್ ಬನ್ನಿ, ಅದು ರಿಪೇರಿಯಾಗುವ ಖಾಯಿಲೆ ಅಲ್ಲ. ಆಮೇಲೆ ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿದು, ಏಳೆಂಟನೇ ಫ್ರೆಟ್ಟಿನ ಮೇಲೆ ಎಷ್ಟು ಸಂದು ಇದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಇದ್ದರೆ ಸರಿ. ಜಾಸ್ತಿ ಇದ್ದರೆ ನೆಕ್ಕಿನೊಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ತಿರುಗಿಸಿ ಸರಿಮಾಡಬಹುದು, ಆದರೆ ಆ ರಾಡ್ ನಿಜಕ್ಕೂ ತಿರುಗುತ್ತದಾ ಅಂತ ಮಾರುವವರ ಒಪ್ಪಿಗೆ ಪಡೆದು ಕಾಲು ಸುತ್ತು ನೋಡಿಕೊಳ್ಳಿ. ತುಕ್ಕು ಹಿಡಿದೋ ಬಲವಂತವಾಗಿ ತಿರುಗಿಸಿಯೋ ಕೆಟ್ಟಿದ್ದರೆ ನೆಕ್ ಸರಿಮಾಡುವ ದಾರಿಯೇ ಇಲ್ಲ. ಪ್ರತಿ ತಂತಿಯ ಪ್ರತಿ ಫ್ರೆಟ್ ನುಡಿಸಿ, ಬೇಜಾರಾದರೂ ಪರವಾಗಿಲ್ಲ. ಎತ್ತರದ ಫ್ರೆಟ್‌ಗಳಲ್ಲಿ ಪೂರ್ತಿ ಬೆಂಡ್ ಎಳೆಯಿರಿ, ಸ್ವರ ಸತ್ತುಹೋದರೆ ಅಲ್ಲಿ ಯಾವುದೋ ಫ್ರೆಟ್ ಎದ್ದಿದೆ. ಕೇಬಲ್ ಚುಚ್ಚಿ, ಜ್ಯಾಕ್ ಹತ್ತಿರ ಅಲುಗಾಡಿಸಿ. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಹೆದರಬೇಡಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೆಚ್ಚಿನ ಸಲ ಹೋಗುತ್ತದೆ, ಆದರೆ ಆ ಕರಕರ ತೋರಿಸಿ ಬೆಲೆ ಇಳಿಸಿಕೊಳ್ಳಿ.

ಲೆಸ್ ಪಾಲ್ ಥರದ, ತಲೆ ಹಿಂದಕ್ಕೆ ಬಾಗಿದ ಗಿಟಾರ್ ನೋಡಲು ಹೋದರೆ ನಟ್ ಹಿಂದಿನ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಬಿದ್ದು ಮುರಿದು ಅಂಟಿಸಿದ ಗೆರೆ ಅಲ್ಲೇ ಕಾಣುವುದು.

ಸಿಕ್ಕ ಗಿಟಾರಿಗೆ ಸೆಟಪ್ (ನೆಕ್, ತಂತಿಯ ಎತ್ತರ, ಸ್ವರದ ಹೊಂದಾಣಿಕೆ) ಮಾಡಿಸದೆ ಸ್ಟೇಜಿಗೆ ಒಯ್ಯಬೇಡಿ. ಹೊಸದಾದರೂ ಅಷ್ಟೇ. 25ರಲ್ಲಿ 18ರಿಂದ 20 ಸಾವಿರ ಗಿಟಾರಿಗೆ, ಸುಮಾರು 2 ಸಾವಿರ ಸೆಟಪ್ಪಿಗೆ, ಉಳಿದದ್ದು ಕೇಬಲ್, ಅಡಾಪ್ಟರ್, ದಪ್ಪ ಪ್ಯಾಡಿಂಗ್ ಇರುವ ಬ್ಯಾಗಿಗೆ. ನನ್ನನ್ನು ಕೇಳಿದರೆ 12 ಸಾವಿರದ ಗಿಟಾರಿಗೆ ಸರಿಯಾದ ಸೆಟಪ್ ಆಗಿದ್ದರೆ ಅದು ಸೆಟಪ್ ಆಗದ 30 ಸಾವಿರದ ಗಿಟಾರಿಗಿಂತ ಸ್ಟೇಜಿನಲ್ಲಿ ಚೆನ್ನಾಗಿ ನಡೆಯುತ್ತದೆ. ಮಾಡುವವರಿಗೆ ನಿಮ್ಮ ಸ್ಟ್ರಾಟನ್ನೂ ಜೊತೆಗೆ ಒಯ್ದು ಕೊಡಿ, ಇದರಂತೆಯೇ ಅದನ್ನೂ ಮಾಡಿ ಅನ್ನಿ. ಸ್ಟ್ರಾಟಿಗೆ 9-42 ದಪ್ಪದ ತಂತಿ ಹಾಕುತ್ತಿದ್ದರೆ ಸ್ಪೇರ್‌ಗೂ ಅದೇ, 10-46 ಆದರೆ ಅದೇ. ಹನ್ನೆರಡನೇ ಫ್ರೆಟ್ಟಿನಲ್ಲಿ ತಂತಿಯ ಎತ್ತರವೂ ಒಂದೇ ಇರಲಿ, ದಪ್ಪ ತಂತಿಗೆ 2 ಮಿಲಿಮೀಟರ್, ತೆಳುವಿಗೆ 1.6ರ ಆಸುಪಾಸು. ಇಂಟೋನೇಷನ್ (ನೆಕ್ ಉದ್ದಕ್ಕೂ ಸ್ವರ ಸರಿ ಬರುತ್ತದಾ ಅನ್ನುವುದು) ನೀವೇ ಪರೀಕ್ಷಿಸಬಹುದು, ಹನ್ನೆರಡನೇ ಫ್ರೆಟ್ ಮೇಲಿನ ಹಾರ್ಮೋನಿಕ್ಕೂ (ತಂತಿಯನ್ನು ಒತ್ತದೆ ಸುಮ್ಮನೆ ಮುಟ್ಟಿ ನುಡಿಸಿದ ಸ್ವರ) ಅಲ್ಲೇ ಒತ್ತಿ ನುಡಿಸಿದ ಸ್ವರವೂ ಶ್ರುತಿ ತೋರಿಸುವ ಟ್ಯೂನರಿನಲ್ಲಿ ಒಂದೇ ತೋರಿಸಬೇಕು. ಒತ್ತಿದ್ದು ಮೇಲೆ ತೋರಿಸಿದರೆ ಸ್ಯಾಡಲ್ಲನ್ನು ಹಿಂದಕ್ಕೆ ಸರಿಸಿ. ನಟ್‌ನಲ್ಲಿ ತಂತಿ ಸಿಕ್ಕಿಕೊಂಡು ಟಿಂಗ್ ಅಂದರೆ ಆ ಗೀರಿಗೆ ಪೆನ್ಸಿಲ್ ಸೀಸ ಉಜ್ಜಿ. ನಿಮ್ಮ ಕಡೆಯ ಮಳೆಗಾಲಕ್ಕೂ ಮಾರ್ಚ್ ಬಿಸಿಲಿಗೂ ಮರ ಹಿಗ್ಗಿ ಕುಗ್ಗುತ್ತದೆ, ಹಾಗಾಗಿ ವರ್ಷಕ್ಕೆ ಎರಡು ಸಲ ನೆಕ್ ನೋಡಿಕೊಳ್ಳುವುದು ಒಳ್ಳೆಯದು.

ಸ್ಟೇಜಿನಲ್ಲಿ ಸ್ಪೇರ್ ಬ್ಯಾಗಿನೊಳಗೆ ಇದ್ದರೆ ಪ್ರಯೋಜನ ಇಲ್ಲ. ಸೌಂಡ್ ಚೆಕ್ ಹೊತ್ತಿಗೇ ತೆಗೆದು, ಬೆಲ್ಟ್ ಹಾಕಿ, ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ನವೆಂಬರ್ ರಾತ್ರಿಯ ಬಯಲು ಸ್ಟೇಜಿನಲ್ಲಿ ಇಬ್ಬನಿಗೆ, ಚಳಿಗೆ ತಂತಿ ಕುಗ್ಗಿ ಶ್ರುತಿ ಏರುತ್ತದೆ, ಹೊರಗೆ ಇಟ್ಟ ಗಿಟಾರ್ ಮಾತ್ರ ಅದಕ್ಕೆ ಹೊಂದಿಕೊಂಡಿರುತ್ತದೆ. ಭಾಷಣ, ಸನ್ಮಾನ ಶುರುವಾದಾಗ ಎರಡನ್ನೂ ಟ್ಯೂನ್ ಮಾಡಿ, ಅದಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ! ಬ್ಯಾಂಡ್ ಅರ್ಧ ಸ್ವರ ಇಳಿಸಿ ನುಡಿಸುತ್ತಿದ್ದರೆ ಸ್ಪೇರೂ ಅರ್ಧ ಸ್ವರ ಇಳಿದೇ ಇರಬೇಕು. ಪ್ರೊಸೆಸರಿನಲ್ಲಿ ನೀವು ಹೆಚ್ಚು ಬಳಸುವ ಎರಡು ಮೂರು ಪ್ಯಾಚ್‌ಗಳನ್ನು (ಸೇವ್ ಮಾಡಿಟ್ಟ ಸೌಂಡುಗಳನ್ನು) ಸ್ಪೇರ್‌ಗೆ ಅಂತ ನಕಲು ಮಾಡಿ, ಮನೆಯಲ್ಲೇ ಎರಡೂ ಗಿಟಾರನ್ನು ಒಂದರ ಹಿಂದೊಂದು ಚುಚ್ಚಿ ಲೆವೆಲ್ ಸರಿಮಾಡಿಟ್ಟುಕೊಳ್ಳಿ. ಕೇಬಲ್ ಕೀಳುವ ಮುಂಚೆ ಪ್ರೊಸೆಸರಿನ ಟ್ಯೂನರ್ ಒತ್ತಿ ಮ್ಯೂಟ್ ಮಾಡುವುದು ಅಭ್ಯಾಸವಾಗಲಿ, ಇಲ್ಲದಿದ್ದರೆ ಡಬ್ ಅನ್ನುವ ಸದ್ದಿಗೆ ಮುಂದಿನ ಸಾಲಿನ ಮಕ್ಕಳು ಬೆಚ್ಚಿಬೀಳುತ್ತಾರೆ. ಮತ್ತೆ, ಏನೂ ಕೆಡದಿದ್ದರೂ ಪ್ರತಿ ಪ್ರೋಗ್ರಾಮಿನಲ್ಲಿ ಒಂದೆರಡು ಹಾಡು ಸ್ಪೇರಿನಲ್ಲೇ ನುಡಿಸಿ. ಕೈಗೂ ರೂಢಿಯಾಗುತ್ತದೆ, ಅದರ ತಂತಿಗೆ ತುಕ್ಕು ಹಿಡಿದಿದ್ದರೆ ಮೊದಲೇ ಗೊತ್ತಾಗುತ್ತದೆ.

ಗುಂಯ್ ಸದ್ದಿನ ಮಾತು ಬಂದಾಗ ಇದನ್ನೂ ಹೇಳಬೇಕು. ಸದ್ದು ನಿಲ್ಲಲಿ ಅಂತ ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವುದನ್ನು, ಪ್ಲಗ್ಗೇ ಇಲ್ಲದೆ ವೈರಿನ ತುದಿಯನ್ನು ಬೆಂಕಿಕಡ್ಡಿ ಸಿಕ್ಕಿಸಿ ಸಾಕೆಟ್ಟಿಗೆ ತುರುಕುವುದನ್ನು ನೀವೂ ನೋಡಿರುತ್ತೀರಿ. ಗಿಟಾರಿನ ತಂತಿ ಕೇಬಲ್ ಮೂಲಕ ಅರ್ಥಿಂಗ್‌ಗೆ ಸೇರಿರುತ್ತದೆ. ಆ ಕಡೆ ಮೈಕ್ ಬೇರೆ ಲೈನಿನಲ್ಲಿದ್ದು ಅದರಲ್ಲಿ ಕರೆಂಟ್ ಸೋರುತ್ತಿದ್ದರೆ, ನೀವು ಕೋರಸ್ ಹಾಡಲು ತುಟಿ ತಾಗಿಸಿದ ಕ್ಷಣ ಶಾಕ್ ಹೊಡೆಯುತ್ತದೆ. ಮಳೆ ನೆಂದ ಸ್ಟೇಜಿನಲ್ಲಿ ಇದು ಪ್ರಾಣಕ್ಕೇ ಕುತ್ತು. ಒಂದು ಟೆಸ್ಟರ್ ಬ್ಯಾಗಿನಲ್ಲಿರಲಿ, ಮೈಕಿನ ಜಾಲರಿಗೆ ಮುಟ್ಟಿಸಿ ನೋಡಿ. ದೀಪ ಹತ್ತಿದರೆ ಸೌಂಡ್‌ನವರು ಅದನ್ನು ಸರಿಮಾಡುವವರೆಗೆ ನುಡಿಸಬೇಡಿ, ಯಾರು ಎಷ್ಟೇ ಅವಸರ ಮಾಡಲಿ. ದೀಪ ಹತ್ತಲಿಲ್ಲ ಅಂದ ಮಾತ್ರಕ್ಕೆ ಅರ್ಥ್ ಸರಿ ಇದೆ ಅಂತಲೂ ಅಲ್ಲ, ಅರ್ಥ್ ಪಿನ್ ಇದೆಯಾ ಅಂತ ಕಣ್ಣಾರೆ ನೋಡಿ. ಅರ್ಥಿಂಗ್‌ನಿಂದ ಬರುವ ಗುಂಯ್ ಸದ್ದಿಗೆ ಪರಿಹಾರ, ಪ್ರೊಸೆಸರಿಗೂ ಮಿಕ್ಸರಿಗೂ ನಡುವೆ ಹಾಕುವ ಡಿಐ ಬಾಕ್ಸಿನಲ್ಲಿರುವ ಗ್ರೌಂಡ್ ಲಿಫ್ಟ್ ಸ್ವಿಚ್ಚು. ಅದು ಆಡಿಯೋ ಕೇಬಲ್ಲಿನ ಗ್ರೌಂಡನ್ನು ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ಥ್ ಹಾಗೇ ಇರುತ್ತದೆ.

ಕೊನೆಗೆ ಪಿಕಪ್ ಬದಲಾಯಿಸುವ ಪ್ರಶ್ನೆ. ಈಗ ಬೇಡ. ಪ್ರೊಸೆಸರ್ ದಾಟಿ, ಮಿಕ್ಸರ್ ದಾಟಿ, ಡ್ರಮ್ ಪ್ಯಾಡು, ಎರಡು ಕೀಬೋರ್ಡಿನ ನಡುವೆ ಹೊರಬರುವ ಸದ್ದಿನಲ್ಲಿ 8 ಸಾವಿರದ ಪಿಕಪ್ಪಿನ ವ್ಯತ್ಯಾಸ ನಿಮಗೆ ಬಿಟ್ಟರೆ ಯಾರಿಗೂ ಕೇಳುವುದಿಲ್ಲ. ಏನಾದರೂ ಬದಲಾಯಿಸಲೇಬೇಕು ಅನಿಸಿದರೆ ಜ್ಯಾಕ್ ಬದಲಾಯಿಸಿ. ಅಗ್ಗದ ಗಿಟಾರಿನಲ್ಲಿ ಮೊದಲು ಕೈ ಕೊಡುವ ಭಾಗ ಅದೇ. ಸ್ವಿಚ್‌ಕ್ರಾಫ್ಟ್ ಕಂಪನಿಯ ಮಾಮೂಲಿ ಜ್ಯಾಕ್ ಕೆಲವು ನೂರು ರೂಪಾಯಿಗೆ ಬರುತ್ತದೆ, ಎರಡು ವೈರ್ ಬೆಸುಗೆ ಅಷ್ಟೇ. ಬೆಂಗಳೂರಿಗೆ ಬಂದಾಗ ಎಸ್‌ಪಿ ರೋಡಿನಲ್ಲಿ ಬೆಸುಗೆ ಕಡ್ಡಿ, ಸೀಸ, ಕಾಂಟ್ಯಾಕ್ಟ್ ಕ್ಲೀನರ್ ಒಟ್ಟಿಗೆ ತಗೊಂಡುಬಿಡಿ. ಬೆಸುಗೆ ಹಾಕುವುದನ್ನು ನಿಮ್ಮ ಸೌಂಡ್‌ನವರ ಹತ್ತಿರವೇ ಕಲಿಯಬಹುದು, ಕೇಬಲ್ ಸರಿಮಾಡಿ ಮಾಡಿ ಅವರ ಕೈ ಪಳಗಿರುತ್ತದೆ.